ಚೆಕಿಂಗ್ ನಂಬರ್ ಹದಿನೇಳು

ನನ್ನ ಕೆಲಸ ತಪ್ಪು ಹುಡುಕೋದು.
ಕೌಲ್ ಬಜಾರಿನಾಗ ಎರಡನೇ ಮಾಳಿಗೆ, ಮೇಲೆ ತಗಡು,
ಒಂದು ಟ್ಯೂಬ್‌ಲೈಟು, ಮುಂದೆ ಗುಡ್ಡದಷ್ಟು ಜೀನ್ಸ್ ಪ್ಯಾಂಟು.
ಜಿಪ್ ಎಳೀತೀನಿ, ಜೇಬಿನಾಗ ಕೈ ಹಾಕ್ತೀನಿ,
ಕಾಲು ತಿರುವಿ ಹೊಲಿಗೆ ನೋಡ್ತೀನಿ,
ದಾರ ಬಿಟ್ಟಲ್ಲಿ ಸೀಮೆಸುಣ್ಣದ ಒಂದು ಗೀಟು.
ಗೀಟು ಬಿದ್ದದ್ದು ಎಡಕ್ಕ, ಬೀಳದ್ದು ಬಲಕ್ಕ.
ಹತ್ತೊಂಬತ್ತು ವರ್ಷ ಆತು.
ಸಲೋಮಮ್ಮಂದು ಹದ್ದಿನ ಕಣ್ಣು ಅಂತಾನೆ ಮಾಲೀಕ.

ಆ ಕಣ್ಣು ಭಾನುವಾರನೂ ಮುಚ್ಚೋದಿಲ್ಲ.
ಚರ್ಚಿನಾಗ ಮೂರನೇ ಬೆಂಚು, ಫ್ಯಾನಿನ ಕೆಳಗೆ, ನಂದು.
ಅಲ್ಲಿಂದ ಎಲ್ಲಾ ಕಾಣ್ತದೆ:
ಎರಡನೇ ಕೀರ್ತನೆಗೆ ಬಂದೋರು ಯಾರು,
ಕಾಣಿಕೆ ಚೀಲದಾಗ ಖಾಲಿ ಇಳಿದ ಮುಷ್ಟಿ ಯಾರದು,
ಯಾರ ಸೊಸೆ ಯಾರ ಸೀರೆ ಉಟ್ಟಾಳೆ.
ಕೈಯಾಗ ಸುಣ್ಣ ಇರೋದಿಲ್ಲ, ಅಷ್ಟೇ.

ದಯಾಮಣಿ ನಮ್ಮಲ್ಲೇ ದಾರ ಕತ್ತರಿಸೋಳು.
ಸಂಡೂರಿನ ಅದಿರು ಲಾರಿ ಓಡಿಸೋ ಒಬ್ಬನ ಜೊತೆ ಅದಾಳೆ.
ತಾಳಿ ಇಲ್ಲ, ಉಂಗುರ ಇಲ್ಲ, ಚರ್ಚಿನ ಪುಸ್ತಕದಾಗ ಸಹಿ ಇಲ್ಲ.
ಕೂರೋದು ಕಡೇ ಬೆಂಚು.
ರೊಟ್ಟಿ ಮುರಿಯೋ ಹೊತ್ತಿಗೆ
ಬೆಂಚಿನ ಕೆಳಗೆ ಚಪ್ಪಲಿ ತಡಕಿ ಎದ್ದು ಹೋಗ್ತಾಳೆ.
ಈ ಸಲ ಪ್ರಾರ್ಥನೆ ಅವಳ ಮನ್ಯಾಗ ಇಡೋಣ
ಅಂತ ಅಯ್ಯನೋರ ಹೆಂಡತಿ ಅಂದಾಗ
“ಮೊದಲು ಮನೆ ಯಾರದು ಕೇಳ್ರಿ” ಅಂದೋಳು ನಾನೇ.
ಹೆಂಗಸರೆಲ್ಲ ನಕ್ರು.
ಆ ನಗು ಒಂದು ವಾರ ನಾಲಿಗೆ ಮೇಲೆ ಬೆಲ್ಲದಂಗ ಇತ್ತು.

ಮಾರ್ಚಿನಾಗ ಸೋಲಾಪುರದಿಂದ ಮಾಲು ವಾಪಸ್ ಬಂತು.
ನೂರಾ ಹನ್ನೆರಡು ಪ್ಯಾಂಟು. ಎಲ್ಲಾದರ ಎಡಗಾಲಿನ ಮಡಿಕೆ
ಒಂದಿಂಚು ಹೆಚ್ಚು.
ಒಳಗಿನ ಚೀಟಿ ಮೇಲೆ ನನ್ನದೇ ಅಕ್ಷರ: ಹದಿನೇಳು.
ಅವತ್ತು ನನಗೇನಾಗಿತ್ತೋ ಅಂದೆ.
ಏನಾಗಿತ್ತು ಅಂತ ನನಗೆ ಗೊತ್ತು.
ಮಾಲೀಕ ಬೈಲಿಲ್ಲ. ಬೆಳಗಿನ ಗಾಡಿಗೆ ಆಗಬೇಕು
ಅಂತ ಮೆಟ್ಟಲಿಳಿದ.
ಒಬ್ಬೊಬ್ಬರೇ ಡಬ್ಬಿ ಎತ್ತಿಕೊಂಡು ಹೋದ್ರು.

ದಯಾಮಣಿ ಹೋಗಲಿಲ್ಲ.
ಹೆಂಗಾತು ಅನ್ನಲಿಲ್ಲ, ಯಾಕಾತು ಅನ್ನಲಿಲ್ಲ.
ಹೊಲಿಗೆ ಬಿಚ್ಚೋ ಕೊಕ್ಕೆ ಹಿಡಿದು ಕೂತು
ಒಂದೊಂದೇ ಮಡಿಕೆ ಬಿಚ್ಚಿ
ನನ್ನ ಮಷೀನಿನ ಕಡೆ ಜರುಗಿಸಿದಳು.

ರಾತ್ರಿ ಎರಡಕ್ಕ ಕಣ್ಣಾಗ ಏನೋ ಚುಚ್ಚಿತು.
ತಿಕ್ಕಿದೆ. ನೀರು ಚಿಮುಕಿಸಿದೆ. ಇನ್ನೂ ಒಳಗೆ ಹೋತು.
ಹದ್ದಿನ ಕಣ್ಣು ಸೋರಾಕ ಹತ್ತಿತು.
“ತಿಕ್ಕಬ್ಯಾಡಕ್ಕಾ, ಈ ಕಡೆ ತಿರುಗು.”
ಗಲ್ಲ ಹಿಡಿದು ಬೆಳಕಿಗೆತ್ತಿ, ರೆಪ್ಪೆ ಮಡಚಿ,
ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಊದಿ
ಬೆಚ್ಚಗೆ ಒತ್ತಿದಳು. ಮತ್ತ ಊದಿದಳು. ಮತ್ತ ಒತ್ತಿದಳು.
ಆರು ವರ್ಷ ಕಣ್ಣಿಟ್ಟಿದ್ದ ಮುಖ,
ಇಷ್ಟು ಹತ್ತಿರದಿಂದ ನೋಡಿರಲಿಲ್ಲ.
ಬಾಯಾಗ ಎಲೆಅಡಿಕೆ ವಾಸನೆ.
ಎಡಹುಬ್ಬಿನ ಮೇಲೆ ಹಳೇ ಗಾಯ, ಮೂರು ಹೊಲಿಗೆ.
ಯಾಕೆ ಹರಿದಿತ್ತು, ಯಾರು ಹೊಲಿದ್ರು,
ನಾನೂ ಕೇಳಲಿಲ್ಲ.

ಸೆರಗಿಗೆ ಹತ್ತಿದ್ದು ನೀಲಿ ನೂಲಿನ ಒಂದು ಚೂರು.
“ಇಷ್ಟೇ ನೋಡು” ಅಂದು ಉಫ್ ಅಂದಳು.
ನನಗದು ಮಾಳಿಗೆ ತೊಲೆಯಷ್ಟಿತ್ತು.

ಮುಂದೆ ಒಂದು ಭಾನುವಾರ ಅಯ್ಯನೋರು
ಕಲ್ಲು ಹಿಡಿದು ನಿಂತವರ ಕಥೆ ಹೇಳಿದ್ರು.
ಅವನು ಬಗ್ಗಿ ನೆಲದ ಮೇಲೆ ಬೆರಳಿಂದ ಗೀಚಿದನಂತ.
ಏನು ಗೀಚಿದ, ಯಾರೂ ಬರೆದಿಟ್ಟಿಲ್ಲ.
ನಮ್ಮ ಬಳ್ಳಾರಿ ಧೂಳಿನಂಥದೇ ಇರಬೇಕು ಆ ಧೂಳೂ,
ಒಂದು ಗಾಳಿಗೆ ಅಳಿಸಿ ಹೋತು.
ನನ್ನ ಸುಣ್ಣದ ಗೀಟೂ ಮೊದಲ ವಾಷಿಂಗಿಗೇ ಹೋಗ್ತದೆ.
ತಲೆಯಾಗ ಎಳೆದವು ಹೋಗವಲ್ಲವು.

ಬದಲಾದೆ ಅಂತ ಹೇಳಲಾರೆ.
ಮೊನ್ನೇನೂ ತಡವಾಗಿ ಬಂದೋರನ್ನ ಎಣಿಸಿದೆ, ನಾಕು ಮಂದಿ.
ಆದರೆ ಕೂತದ್ದು ಕಡೇ ಬೆಂಚಿನಾಗ.
ಅಲ್ಲಿಂದ ಬರೇ ಬೆನ್ನು ಕಾಣ್ತಾವೆ,
ಒಬ್ಬರದೂ ಮುಖ ಕಾಣೋದಿಲ್ಲ.
ರೊಟ್ಟಿ ಮುರಿಯೋ ಹೊತ್ತಿಗೆ
ಪಕ್ಕದ ಕಾಲು ಚಪ್ಪಲಿ ತಡಕಿತು.
ಚಪ್ಪಲಿ ಮೇಲೆ ನನ್ನ ಪಾದ ಇತ್ತು.

ಅವಳು ಕೂತಳೋ, ಎದ್ದು ಹೋದಳೋ,
ಅದನ್ನ ನಾನು ಹೇಳೋದಿಲ್ಲ.